ಪೋಣಿಸಿದವರ ಹೆಸರೇನು?

ಬಣ್ಣದ ಮಣಿಗಳ ಕಿವಿಯೋಲೆ ಕಂಡ ಕೂಡಲೇ ನಮ್ಮ ಬಾಯಲ್ಲಿ ಬರೋದು ಎರಡೇ ಮಾತು: 'ಚೆನ್ನಾಗಿದೆ', 'ಎಷ್ಟು ಕೊಟ್ಟೆ?'. 'ಕೈಯಲ್ಲಿ ಮಾಡಿದ್ದು' ಅಂತ ಚೀಟಿ ಇದ್ದರೆ ಇನ್ನೊಂದು 'ಓಹೋ' ಸೇರುತ್ತೆ. ಯಾರ ಕೈ ಅಂತ ಮಾತ್ರ ಕೇಳೋದಿಲ್ಲ.

ಗಾಜಿನ ಮಣಿ ಅಂದರೆ ವೆನಿಸ್ ಪಕ್ಕದ ಮುರಾನೋ ದ್ವೀಪ ನೆನಪಾಗುತ್ತೆ. ಅಲ್ಲಿನ ಕಥೆ ಬರೆಯುವವರು ಮೊದಲು ತೆಗೆಯುವ ಹೆಸರು ಮರಿಯಾ ಬರೋವಿಯೆರ್. ಹೆಸರಾಂತ ಗಾಜುಗಾರ ಆಂಜೆಲೋ ಬರೋವಿಯೆರ್ ಅವರ ಮಗಳು. 1487ರಲ್ಲಿ ಸ್ವಂತದ್ದೊಂದು ಪುಟ್ಟ ಕುಲುಮೆ ಇಟ್ಟುಕೊಳ್ಳಲು ಅನುಮತಿ ಪಡೆದಾಕೆ. ಬಿಳಿ, ಕೆಂಪು, ನೀಲಿ ಗಾಜು ಪದರ ಪದರವಾಗಿ ಕೂತು, ತುದಿ ಉಜ್ಜಿದರೆ ನಕ್ಷತ್ರ ಕಾಣುವ 'ರೊಸೆಟ್ಟಾ' ಮಣಿ ಈಕೆಯದೇ ಅನ್ನುತ್ತಾರೆ. ಗಂಡಸರದ್ದೇ ಆಗಿದ್ದ ಕಸುಬಿನಲ್ಲಿ ಒಬ್ಬ ಹೆಂಗಸಿನ ಹೆಸರು ಉಳಿದದ್ದು ಸಣ್ಣ ಮಾತಲ್ಲ. ನನ್ನ ತಕರಾರು ಆಕೆಯ ಮೇಲಲ್ಲ, ಅಲ್ಲಿಗೇ ಕಥೆ ಮುಗಿಸುವವರ ಮೇಲೆ.

ಯಾಕೆಂದರೆ ನಮ್ಮ ಕಿವಿಯಲ್ಲಿ ತೂಗೋದು ಬಹುಪಾಲು ರೊಸೆಟ್ಟಾ ಅಲ್ಲ, ಸಾಸಿವೆಯಂಥ ಸಣ್ಣ ಮಣಿ. ವೆನಿಸ್‌ನಲ್ಲಿ ಅದಕ್ಕೆ 'ಕೊಂತೇರಿಯೆ' ಅಂತಾರೆ. ಬಿಸಿ ಗಾಜಿನ ಮುದ್ದೆಯೊಳಗೆ ಪೊಳ್ಳು ಮಾಡಿ, ಇಬ್ಬರು ಎರಡು ದಿಕ್ಕಿಗೆ ಎಳೆದುಕೊಂಡು ಓಡಿದರೆ ಉದ್ದನೆಯ ತೆಳು ಕೊಳವೆ ಆಗುತ್ತೆ. ಅದನ್ನು ಚೂರು ಮಾಡಿ, ಮತ್ತೆ ಬಿಸಿಯಲ್ಲಿ ಉರುಳಿಸಿದರೆ ಅಂಚು ನುಣುಪಾಗುತ್ತೆ. ಅಲ್ಲಿಗೆ ಕಾರ್ಖಾನೆಯ ಕೆಲಸ ಮುಗೀತು. ಪೋಣಿಸೋದು ಯಾರು? 'ಇಂಪಿರಾರೆಸ್ಸೆ' ಅಂತ ಕರೆಸಿಕೊಳ್ಳುತ್ತಿದ್ದ ಹೆಂಗಸರು. ಮನೆ ಬಾಗಿಲಲ್ಲಿ, ಓಣಿಯಲ್ಲಿ ಕೂತು, ಮಡಿಲಲ್ಲಿ ಮರದ ತಟ್ಟೆ ತುಂಬ ಮಣಿ, ಕೈಯಲ್ಲಿ ಬೀಸಣಿಗೆ ಥರ ಹಿಡಿದ ಹತ್ತಾರು ಉದ್ದ ಸೂಜಿ. ಮಣಿಯೊಳಗೆ ಸೂಜಿ ಆಡಿಸಿದ ಹಾಗೇ ಮಣಿ ಏರುತ್ತಿತ್ತು. ಕೂಲಿ ದಿನದ ಲೆಕ್ಕದ್ದಲ್ಲ, ಪೋಣಿಸಿದಷ್ಟಕ್ಕೆ. 1904ರಲ್ಲಿ ಇವರು ಮುಷ್ಕರಕ್ಕೂ ಇಳಿದರು.

ಇವರನ್ನು ಕಂಡ ಚಿತ್ರಕಾರ ಜಾನ್ ಸಿಂಗರ್ ಸಾರ್ಜೆಂಟ್. 1880ರಿಂದ 82ರೊಳಗೆ ಬರೆದ 'ವೆನಿಸ್‌ನ ಮಣಿ ಪೋಣಿಸುವವರು' ಚಿತ್ರ ಈಗ ಅಮೆರಿಕದ ಬಫಲೋದಲ್ಲಿದೆ. ಮಬ್ಬು ಬೆಳಕಿನ ಪಡಸಾಲೆ, ಕಪ್ಪು, ಬೂದು, ಕಂದು. ಜಗತ್ತಿಗೆ ಬಣ್ಣ ಹಂಚುತ್ತಿದ್ದವರ ಚಿತ್ರದಲ್ಲಿ ಬಣ್ಣವೇ ಕಮ್ಮಿ! ಮೊದಲು ನನಗಿದು ಕೊರತೆ ಅನ್ನಿಸಿತ್ತು. ಈಗ ಅನ್ನಿಸೋದು, ಮಣಿಯ ಹೊಳಪಿಗೆ ಮರುಳಾಗದೆ ಆ ಕತ್ತಲೆಯನ್ನು ಬರೆದದ್ದೇ ಅವನ ಪ್ರಾಮಾಣಿಕತೆ. ಆದರೂ ಆ ಹೆಂಗಸರ ಹೆಸರು ಶೀರ್ಷಿಕೆಯಲ್ಲಿಲ್ಲ, ಕಸುಬು ಮಾತ್ರ ಇದೆ.

2020ರಲ್ಲಿ ಇಟಲಿ ಮತ್ತು ಫ್ರಾನ್ಸ್‌ನ ಗಾಜಿನ ಮಣಿ ಕಲೆಯನ್ನು ಯುನೆಸ್ಕೊ ಪರಂಪರೆಯ ಪಟ್ಟಿಗೆ ಸೇರಿಸಿತು. ಒಳ್ಳೆಯದೇ. ಹಾಗಂತ ಎಲ್ಲ ಮಣಿಯನ್ನೂ ಹೊಗಳಬೇಕಿಲ್ಲ. ದೀಪದ ಉರಿಯಲ್ಲಿ ಕಡ್ಡಿಗೆ ಗಾಜು ಸುತ್ತಿ ಮಾಡಿದ ಮಣಿ ಕೈಗೆ ಬಂದರೆ ತೂತಿನ ಅಂಚು ಮುಟ್ಟಿ ನೋಡಿ. ಚೂಪಾಗಿದ್ದರೆ ದಾರ ಕೊಯ್ಯುತ್ತೆ, ಒಳಕ್ಕೆ ಮಡಚಿಕೊಂಡು ನುಣುಪಾಗಿದ್ದರೆ ಮಾಡಿದವರಿಗೆ ಕೈ ಪಳಗಿದೆ. ನಿಧಾನವಾಗಿ ತಣಿಸದ ಮಣಿ ಇವತ್ತು ಮಿನುಗಿ ನಾಳೆ ಬಿರುಕು ಬಿಡಬಹುದು. ವಿಮರ್ಶೆ ಅಂದರೆ ಇಷ್ಟು ಮುಟ್ಟಿ ನೋಡೋದು ಕೂಡ. 'ಕೈಯಲ್ಲಿ ಮಾಡಿದ್ದು' ಅನ್ನೋ ಚೀಟಿ ಈ ಕೆಲಸ ಮಾಡಿಕೊಡೋಲ್ಲ.

ನಮ್ಮ ಕರಿಮಣಿಯೂ ಗಾಜಿನದೇ ಅಲ್ವಾ? ಅದನ್ನು ಕಟ್ಟಿದವರ ಹೆಸರು, ಕಟ್ಟಿಸಿಕೊಂಡವರ ಹೆಸರು ಎಲ್ಲ ಲಗ್ನಪತ್ರಿಕೆಯಲ್ಲಿ ಇರುತ್ತೆ. ಪೋಣಿಸಿಕೊಟ್ಟವರದ್ದು ಇರೋದಿಲ್ಲ. ಮುಂದಿನ ಸಲ ಓಲೆ ಕೊಳ್ಳುವಾಗ ಬೆಲೆ ಕೇಳಿದ ಮೇಲೆ ಹೆಸರೂ ಒಮ್ಮೆ ಕೇಳಿ ನೋಡಿ.