ಡರ್ಬಿ ಪ್ರಭುವಿನ ಪತ್ರ: ಒಂದು ವಿಮರ್ಶೆ

ಉಪದೇಶವಾಕ್ಯವು ಪ್ರಭುಸಂಮಿತ, ಸುಹೃತ್ಸಂಮಿತ, ಕಾಂತಾಸಂಮಿತವೆಂದು ಮೂರು ಬಗೆಯಾಗಿರುವುದೆಂದು ಆಲಂಕಾರಿಕರು ಹೇಳಿರುವರು. ಮೊದಲನೆಯದು ಒಡೆಯನಂತೆ ಆಜ್ಞಾಪಿಸುವುದು. ಎರಡನೆಯದು ಗೆಳೆಯನಂತೆ ಹಿತವನ್ನು ಅರುಹುವುದು. ಮೂರನೆಯದು ಪ್ರಿಯೆಯಂತೆ ಒಲಿಸುವುದು. 1915ನೆಯ ಇಸವಿಯ ಶರತ್ಕಾಲದಲ್ಲಿ ಬ್ರಿಟನ್ನಿನ ಸೈನ್ಯಸಂಗ್ರಹದ ಮುಖ್ಯಾಧಿಕಾರಿಯಾಗಿದ್ದ ಡರ್ಬಿ ಪ್ರಭುವು ಸೇನೆಗೆ ಸೇರದಿದ್ದ ಪುರುಷರಿಗೆ ಅಂಚೆಯ ಮೂಲಕ ಕಳುಹಿಸಿದ ಪತ್ರವು ಇವುಗಳಲ್ಲಿ ಯಾವ ವರ್ಗಕ್ಕೆ ಸೇರತಕ್ಕದ್ದೆಂಬುದು ವಿಚಾರಾರ್ಹವಾಗಿದೆ.

ಪತ್ರದ ಉಪಕ್ರಮವು ಸುಹೃದ್ವಾಕ್ಯದಂತಿರುವುದು. ದೇಶವು ಸಂಕಟದಲ್ಲಿರುವಾಗ ತನ್ನಿಂದಾದುದನ್ನೆಲ್ಲ ಮಾಡುತ್ತಿರುವೆನೇ ಎಂದು ಓದುವವನು ತನ್ನನ್ನೇ ಕೇಳಿಕೊಳ್ಳಬೇಕೆಂದು ಅದು ಬೇಡುವುದು. ಆದರೆ ಈ ಯತ್ನವು ವಿಫಲವಾದರೆ ಸೈನಿಕರನ್ನು ಬೇರೆ ಯಾವ ವಿಧಾನದಿಂದ ಪಡೆಯತಕ್ಕದ್ದೆಂಬುದನ್ನು ದೇಶವೇ ನಿರ್ಣಯಿಸಬೇಕಾಗುವುದೆಂಬ ಮಾತೂ ಅದರಲ್ಲಿಯೇ ಇದೆ. ಗೆಳೆಯನ ನುಡಿಯ ಹಿಂದೆ ಒಡೆಯನ ದಂಡವು ಹೀಗೆ ತೋರಿಬರುವುದು.

ಡಿಸೆಂಬರಿನಲ್ಲಿ ಯೋಜನೆಯು ಮುಗಿಯುವ ವೇಳೆಗೆ ನೇರವಾಗಿ ಸೇನೆಗೆ ಸೇರಿದವರು ಸುಮಾರು 2,15,000. ಕರೆದಾಗ ಬರುವೆವೆಂದು ಪ್ರಮಾಣಮಾಡಿದವರು ಸುಮಾರು 21,85,000. ಆದರೂ ವಿನಾಯಿತಿಯುಳ್ಳ ಉದ್ಯೋಗಗಳಲ್ಲಿಲ್ಲದ ಅವಿವಾಹಿತರಲ್ಲಿ ನೂರಕ್ಕೆ 38 ಮಂದಿಯೂ ವಿವಾಹಿತರಲ್ಲಿ 54 ಮಂದಿಯೂ ಮುಂದೆ ಬರಲಿಲ್ಲ.

ಇಷ್ಟು ಜನರು ಬಂದುದೇ ಪತ್ರದ ಶಕ್ತಿಗೆ ಪ್ರಮಾಣವಲ್ಲವೇ ಎಂದರೆ, ಅಲ್ಲ. ಅದೇಕೆಂದರೆ, ಪತ್ರದೊಡನೆ ಮನೆಮನೆಗೆ ಹೋಗಿ ಒತ್ತಾಯಿಸುವವರಿದ್ದರು. ಅವಿವಾಹಿತರನ್ನು ಕರೆಯುವ ಮೊದಲು ವಿವಾಹಿತರನ್ನು ಕರೆಯುವುದಿಲ್ಲವೆಂದು ನವೆಂಬರಿನಲ್ಲಿ ಪ್ರಧಾನಿ ಆಸ್ಕ್ವಿತ್ ಕೊಟ್ಟ ವಚನವಿದ್ದಿತು. ಮುಂದೆ ಬಲಾತ್ಕಾರ ಬರುವುದೆಂಬ ಭಯವೂ ಇದ್ದಿತು. ಕಾರಣವಿದ್ದಲ್ಲಿ ಕಾರ್ಯವಿರುವುದೆಂಬ ಅನ್ವಯವೊಂದೇ ಸಾಲದು; ಕಾರಣವಿಲ್ಲದಲ್ಲಿ ಕಾರ್ಯವಿಲ್ಲವೆಂಬ ವ್ಯತಿರೇಕವೂ ತೋರಬೇಕು. ಪತ್ರವು ಹೋಗದೆ ಉಳಿದೆಲ್ಲವೂ ಸಮನಾಗಿದ್ದ ಊರುಗಳು ಇಲ್ಲಿಲ್ಲ.

ಈ ವ್ಯತಿರೇಕವನ್ನು ಬುದ್ಧಿಪೂರ್ವಕವಾಗಿ ಕಲ್ಪಿಸಿದುದು 1978-79ರಲ್ಲಿ ಅಮೆರಿಕದ ನೌಕಾಪಡೆಯು ನಡೆಸಿದ ಪರೀಕ್ಷೆ. ಬೇರೆಬೇರೆ ಪ್ರದೇಶಗಳಲ್ಲಿ ಪ್ರಚಾರವನ್ನೂ ಜನರನ್ನು ಸೇರಿಸುವ ಅಧಿಕಾರಿಗಳ ಸಂಖ್ಯೆಯನ್ನೂ ಹೆಚ್ಚುಕಡಮೆ ಮಾಡಿ, ಬದಲಿಸದ ಪ್ರದೇಶಗಳೊಡನೆ ಹೋಲಿಸಲಾಯಿತು. ಪ್ರಚಾರಕ್ಕಿಂತ ಎದುರಿಗೆ ಕುಳಿತು ಮಾತನಾಡುವ ಮನುಷ್ಯನ ಪ್ರಭಾವವೇ ಅಧಿಕವೆಂದು ಅಲ್ಲಿ ಕಂಡುಬಂದಿತು.

ಡರ್ಬಿಯ ಪತ್ರದ ದೋಷವು ಶೈಲಿಯಲ್ಲಿಲ್ಲ. ಅದರ ಶೈಲಿಯು ಸರಳವೂ ಗಂಭೀರವೂ ಆಗಿದೆ. ಬರುವೆನೆಂದರೂ ಒಲ್ಲೆನೆಂದರೂ ಫಲವೊಂದೇ ಆಗುವಲ್ಲಿ ಪ್ರಶ್ನೆಯು ಪ್ರಶ್ನೆಯಾಗಿ ಉಳಿಯುವುದಿಲ್ಲವೆಂಬುದೇ ದೋಷ. 1916ನೆಯ ಜನವರಿಯಲ್ಲಿ ಅವಿವಾಹಿತರಿಗೆ ಸೈನ್ಯಸೇವೆಯನ್ನು ಕಡ್ಡಾಯಗೊಳಿಸುವ ಶಾಸನವಾಯಿತು. ಸುಹೃದ್ವಾಕ್ಯವು ಪ್ರಭುವಾಕ್ಯವಾಗಿ ಪರಿಣಮಿಸಿತು. ಆದಕಾರಣ ಆ ಪತ್ರದಿಂದ ಪರೀಕ್ಷಿತವಾದುದು ಲೇಖನದ ಸಾಮರ್ಥ್ಯವಲ್ಲ, ಜನರ ಸಹನೆಯೆಂದೇ ಹೇಳಬೇಕಾಗಿದೆ.