ಬಾರ್ಸ್ಟಲ್ ಶಾಲೆಗೆ ಇಬ್ಬರು ಸಾಕ್ಷಿಗಳು

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆಯನ್ನು ನಾವು ಮಕ್ಕಳ ವಿಷಯದಲ್ಲಿ ಮೇಲಿಂದ ಮೇಲೆ ಆಡುತ್ತೇವೆ. ತಪ್ಪುದಾರಿ ಹಿಡಿದ ಹುಡುಗರಿಗಾಗಿ ಸರ್ಕಾರಗಳು ನಡೆಸಿದ ಶಾಲೆಗಳ ಹಿಂದೆ ಇರುವುದೂ ಇದೇ ನಂಬಿಕೆ. 1902ರಲ್ಲಿ ಇಂಗ್ಲೆಂಡಿನ ಕೆಂಟ್ ಸೀಮೆಯ ಬಾರ್ಸ್ಟಲ್ ಎಂಬ ಹಳ್ಳಿಯ ಸೆರೆಮನೆಯಲ್ಲಿ ಸರ್ ಎವೆಲಿನ್ ರಗಲ್ಸ್-ಬ್ರೈಸ್ ಎಂಬ ಅಧಿಕಾರಿ ಒಂದು ಪ್ರಯೋಗಕ್ಕೆ ಕೈಹಾಕಿದರು. ಎಳೆಯ ಅಪರಾಧಿಗಳನ್ನು ನುರಿತ ಕೈದಿಗಳಿಂದ ಬೇರೆಯಿರಿಸಿ, ಕಸುಬು, ಓದು, ವ್ಯಾಯಾಮ, ಶಿಸ್ತು ಇವುಗಳಿಂದ ತಿದ್ದಬೇಕೆಂಬುದು ಅದರ ಉದ್ದೇಶ. 1908ರ ಕಾನೂನು ಅದನ್ನೊಂದು ವ್ಯವಸ್ಥೆಯಾಗಿ ಮಾಡಿತು. 1982ರ ಕಾನೂನು ರದ್ದುಮಾಡಿತು. ಆ ಹಳ್ಳಿಯ ಹೆಸರು ನಮ್ಮ ಕಡೆಗೂ ಬಂತು. 1925ರಲ್ಲಿ ಮದರಾಸು ಪ್ರಾಂತವೂ 1929ರಲ್ಲಿ ಮುಂಬಯಿ ಪ್ರಾಂತವೂ ಬಾರ್ಸ್ಟಲ್ ಶಾಲೆಗಳ ಕಾಯಿದೆ ಮಾಡಿದಾಗ ಬಳ್ಳಾರಿ, ಮಂಗಳೂರು, ಧಾರವಾಡ, ಬೆಳಗಾವಿಗಳು ಆ ಪ್ರಾಂತಗಳಲ್ಲೇ ಇದ್ದುವು.

ಈ ಶಾಲೆಗಳಲ್ಲಿ ಹುಡುಗರು ನಿಜವಾಗಿ ಏನು ಕಲಿತರು? ವರದಿಗಳು ಹೇಳುವುದು ಒಂದು ಬಗೆ. ಸಾಹಿತ್ಯ ಹೇಳುವುದು ಇನ್ನೊಂದು ಬಗೆ. ಒಂದೇ ವರ್ಷದ ಅಂತರದಲ್ಲಿ ಬಂದ ಎರಡು ಇಂಗ್ಲಿಷ್ ಪುಸ್ತಕಗಳನ್ನು ಒಟ್ಟಿಗೆ ಇಟ್ಟು ಈ ಪ್ರಶ್ನೆ ಕೇಳಬೇಕೆಂದು ನನ್ನ ಆಸೆ. ಮೊದಲನೆಯದು 1958ರಲ್ಲಿ ಪ್ರಕಟವಾದ ಬ್ರೆಂಡನ್ ಬೆಹನ್‌ನ ಆತ್ಮಕಥನ ‘ಬಾರ್ಸ್ಟಲ್ ಬಾಯ್’. ಎರಡನೆಯದು 1959ರ ಆಲನ್ ಸಿಲಿಟೋನ ನೀಳ್ಗತೆ ‘ದಿ ಲೋನ್ಲಿನೆಸ್ ಆಫ್ ದಿ ಲಾಂಗ್ ಡಿಸ್ಟೆನ್ಸ್ ರನ್ನರ್’. ಬೆಹನ್ ಬಾರ್ಸ್ಟಲ್ಲನ್ನು ಮೆಚ್ಚಿದ, ಸಿಲಿಟೋ ಜರೆದ ಎಂದು ಹೇಳಿ ಮುಗಿಸಿಬಿಡುವುದು ಸುಲಭ. ಆದರೆ ಇಬ್ಬರ ಮಾತೂ ಆಳದಲ್ಲಿ ಒಂದೇ ಎಂದು ನನಗೆ ತೋರುತ್ತದೆ.

ಬೆಹನ್ ಡಬ್ಲಿನ್ ನಗರದ ಬಡ ಮನೆತನದ ಹುಡುಗ. 1939ರಲ್ಲಿ, ಹದಿನಾರರ ವಯಸ್ಸಿನಲ್ಲಿ, ಐರಿಷ್ ಕ್ರಾಂತಿಕಾರರ ಪರವಾಗಿ ಸ್ಫೋಟಕಗಳನ್ನು ಹೊತ್ತು ಲಿವರ್‌ಪೂಲಿಗೆ ಬಂದು ಸಿಕ್ಕಿಬಿದ್ದ. ವಿಚಾರಣೆಯ ಕಾಲದಲ್ಲಿ ವಾಲ್ಟನ್ ಸೆರೆಮನೆಯಲ್ಲಿ ಅವನಿಗೆ ದೊರೆತದ್ದು ಹೊಡೆತ, ಅವಮಾನ, ಒಂಟಿತನ. ಥಾಮಸ್ ಹಾರ್ಡಿಯ ಒಂದು ಕಾದಂಬರಿ ಅಲ್ಲಿ ಅವನ ಜೊತೆಗಾರ. ಆಮೇಲೆ ಮೂರು ವರ್ಷದ ಬಾರ್ಸ್ಟಲ್ ಶಿಕ್ಷೆಯಾಗಿ ಸಫೊಕ್ ಕಡಲತೀರದ ಹಾಲ್ಸ್‌ಲಿ ಬೇ ಎಂಬಲ್ಲಿಗೆ ಹೋಗುತ್ತಾನೆ. ಅಲ್ಲಿ ಹೊಲವಿದೆ, ಕೆಲಸವಿದೆ, ಪುಸ್ತಕ ಭಂಡಾರವಿದೆ, ಈಜಲು ಸಮುದ್ರವಿದೆ. ಎಲ್ಲಕ್ಕಿಂತ ಮಿಗಿಲಾಗಿ ಮಾತಿದೆ. ಲಂಡನ್ನಿನ ಹುಡುಗ, ಉತ್ತರ ಸೀಮೆಯ ಹುಡುಗ, ಸ್ಕಾಟ್ಲೆಂಡಿನ ಹುಡುಗ, ಒಬ್ಬೊಬ್ಬನದೂ ಒಂದೊಂದು ನುಡಿ. ಇಂಗ್ಲಿಷರನ್ನು ಶತ್ರುಗಳೆಂದು ಎಣಿಸಿ ಬಂದವನು ಅವರ ನಡುವೆ ಗೆಳೆಯರನ್ನು ಕಾಣುತ್ತಾನೆ. ಈ ಪಾಠವನ್ನು ಯಾವ ಮೇಷ್ಟರೂ ಅವನಿಗೆ ಹೇಳಿಕೊಡಲಿಲ್ಲ. ಕಲಿಯುವಷ್ಟು ಬಿಡುವನ್ನು ಆ ಸ್ಥಳ ಕೊಟ್ಟಿತು, ಅಷ್ಟೆ.

ಆದರೆ ಈ ಹೊಗಳಿಕೆಯನ್ನು ಪೂರ್ತಿಯಾಗಿ ಬಾರ್ಸ್ಟಲ್ಲಿನ ಲೆಕ್ಕಕ್ಕೆ ಬರೆಯುವಂತಿಲ್ಲ. ಬೆಹನ್‌ನ ಮನೆಯಲ್ಲಿ ದುಡ್ಡಿಲ್ಲದಿದ್ದರೂ ಓದಿತ್ತು, ಹಾಡಿತ್ತು. ಐರ್ಲೆಂಡಿನ ರಾಷ್ಟ್ರಗೀತೆಯನ್ನು ಬರೆದ ಪೆಡರ್ ಕರ್ನಿ ಅವನ ತಾಯಿಯ ಅಣ್ಣ. ಪುಸ್ತಕ ಭಂಡಾರದ ಬಾಗಿಲು ತೆರೆದಾಗ ಒಳಗೆ ಹೋಗುವ ಅಭ್ಯಾಸ ಅವನಿಗೆ ಮೊದಲೇ ಇತ್ತು. ಅಂಥ ಅಭ್ಯಾಸವಿಲ್ಲದ ಹುಡುಗನ ಗತಿಯೇನು?

ಸಿಲಿಟೋನ ಸ್ಮಿತ್ ಅಂಥ ಹುಡುಗ. ಸಿಲಿಟೋ ಬಾರ್ಸ್ಟಲ್ಲಿನಲ್ಲಿ ಇದ್ದವನಲ್ಲ. ನಾಟಿಂಗ್‌ಹ್ಯಾಮಿನ ಕಾರ್ಮಿಕರ ಮಗ. ಹದಿನಾಲ್ಕಕ್ಕೆ ಶಾಲೆ ಬಿಟ್ಟು ಸೈಕಲ್ ಕಾರ್ಖಾನೆ ಸೇರಿದವನು. ಆಮೇಲೆ ಕ್ಷಯ ತಗಲಿ ಆಸ್ಪತ್ರೆಯ ಹಾಸಿಗೆಯ ಮೇಲೆ ಓದಿ ಬರಹಗಾರನಾದವನು. ಅವನ ಕಥೆಯ ಸ್ಮಿತ್ ಬ್ರೆಡ್ ಅಂಗಡಿಯಲ್ಲಿ ಹಣ ಕದ್ದು ಬಾರ್ಸ್ಟಲ್ಲಿಗೆ ಬಂದಿದ್ದಾನೆ. ಚೆನ್ನಾಗಿ ಓಡುತ್ತಾನೆಂದು ಅವನನ್ನು ನಸುಕಿನಲ್ಲಿ ಒಬ್ಬನನ್ನೇ ಹೊರಗೆ ಬಿಡುತ್ತಾರೆ. ದೊಡ್ಡ ಪಂದ್ಯದಲ್ಲಿ ಅವನು ಗೆದ್ದು ಬಟ್ಟಲು ತರಬೇಕೆಂಬುದು ಗವರ್ನರನ ಹಂಬಲ. ಮಂಜು ಬಿದ್ದ ಹಾದಿಯಲ್ಲಿ ಓಡುತ್ತ ಸ್ಮಿತ್ ಯೋಚನೆ ಮಾಡಲು ಕಲಿಯುತ್ತಾನೆ: ತಂದೆ ಸತ್ತ ಬಗೆ, ಪ್ರಾಮಾಣಿಕತೆಯೆಂದರೆ ಏನು, ಗವರ್ನರ್ ಹೇಳುವ ಪ್ರಾಮಾಣಿಕತೆ ಯಾರದು. ಪಂದ್ಯದ ದಿನ ಎಲ್ಲರಿಗಿಂತ ಮುಂದಿದ್ದು, ಗುರಿಯ ಹತ್ತಿರ ನಿಂತುಬಿಡುತ್ತಾನೆ. ಬೇರೊಬ್ಬ ಗೆಲ್ಲುತ್ತಾನೆ. ಉಳಿದ ತಿಂಗಳುಗಳೆಲ್ಲ ಕೊಳಕು ಕೆಲಸ, ಕಠಿನ ಕೆಲಸ.

ಇದನ್ನು ಬರಿಯ ಹಟವೆಂದು ಓದುವವರಿದ್ದಾರೆ. ನಾನು ಒಪ್ಪಲಾರೆ. ಬೆಳಗಿನ ಆ ಓಟವೇ ಸ್ಮಿತ್‌ನ ಶಾಲೆ. ಅಲ್ಲಿ ಕಲಿತದ್ದು ತನ್ನದು. ಅದನ್ನು ಗವರ್ನರನ ಮೇಜಿನ ಮೇಲಿಡುವ ಬಟ್ಟಲಾಗಿ ಮಾಡಿಕೊಡಲು ಅವನು ಸಿದ್ಧನಿಲ್ಲ. ಕಥೆಯ ಕೊನೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ತಾನು ಓದಿದ ಒಂದೆರಡು ಪುಸ್ತಕಗಳು ನಿಷ್ಪ್ರಯೋಜಕ, ಏಕೆಂದರೆ ಎಲ್ಲವೂ ಗೆಲುವಿನಲ್ಲೇ ಮುಗಿಯುತ್ತವೆ ಎಂದು ಅವನು ದೂರುತ್ತಾನೆ. ನಾವು ಓದುತ್ತಿರುವ ಕಥೆಯನ್ನು ತಾನೇ ಬರೆದಿದ್ದಾನೆ. ಏನನ್ನೂ ಕಲಿಯದವನೆಂದು ಸಂಸ್ಥೆ ಕೈಬಿಟ್ಟ ಹುಡುಗ ಬರೆಯಲು ಕಲಿತಿದ್ದಾನೆ, ಸಾಹಿತ್ಯ ವಿಮರ್ಶೆಯನ್ನೂ ಮಾಡುತ್ತಿದ್ದಾನೆ!

ಕಲೆಯ ದೃಷ್ಟಿಯಿಂದ ಎರಡರಲ್ಲೂ ಕೊರತೆಗಳಿವೆ. ಬೆಹನ್‌ನ ಪುಸ್ತಕದ ಉತ್ತರಾರ್ಧ ಸಡಿಲ. ಹರಟೆಯ ಸೊಗಸಿಗೆ ಅವನು ತಾನೇ ಮಾರುಹೋಗುತ್ತಾನೆ. ಸಿಲಿಟೋನಲ್ಲಿ ಸ್ಮಿತ್‌ನ ಹೊರತು ಬೇರೆ ಯಾರಿಗೂ ಜೀವವಿಲ್ಲ. ಗವರ್ನರ್ ಬರಿಯ ಗೊಂಬೆ. ಜೊತೆಯ ಹುಡುಗರ ಮುಖವೂ ಕಾಣುವುದಿಲ್ಲ. ಒಳಗಿದ್ದು ಬಂದ ಬೆಹನ್ ಕಾವಲುಗಾರರಲ್ಲೂ ಒಳ್ಳೆಯವರನ್ನು, ಕೆಟ್ಟವರನ್ನು ಬೇರೆಬೇರೆಯಾಗಿ ಗುರುತಿಸಬಲ್ಲ. ಆ ನ್ಯಾಯದೃಷ್ಟಿ ಅವನ ಪುಸ್ತಕದ ದೊಡ್ಡ ಗುಣ.

ಈಗ ನಮ್ಮಲ್ಲಿರುವುದು 2015ರ ಬಾಲನ್ಯಾಯ ಕಾಯಿದೆ. ಕಾನೂನಿನೊಡನೆ ಸಂಘರ್ಷಕ್ಕೆ ಬಂದ ಮಕ್ಕಳನ್ನು ಇರಿಸುವ ಸಂಸ್ಥೆಗಳು ಶಿಕ್ಷಣವನ್ನೂ ಕಸುಬಿನ ತರಬೇತನ್ನೂ ಕೊಡಬೇಕೆಂದು ಅದು ವಿಧಿಸುತ್ತದೆ. ವಿಶೇಷ ಸಂದರ್ಭಗಳ ಹೊರತು ಹುಡುಗನ ಹಳೆಯ ದಾಖಲೆಗಳನ್ನು ಅಳಿಸಿ ಅವನಿಗೆ ಹೊಸ ಆರಂಭ ದೊರಕಿಸಬೇಕೆಂಬ ತತ್ತ್ವವನ್ನೂ ಹೇಳುತ್ತದೆ. ಇದು ಉದಾತ್ತವಾದ ಮಾತು. ಆದರೆ ದಾಖಲೆ ಸರ್ಕಾರದ್ದು, ನೆನಪು ಹುಡುಗನದು. ಅದನ್ನು ಅವನೇ ತನ್ನ ಮಾತಿನಲ್ಲಿ ಹೇಳಿಕೊಳ್ಳಬೇಕಾಗುತ್ತದೆ.

ಭಾಷೆಯ ಪಾಠ ಹೇಳುವ ನಮ್ಮಂಥವರ ಕೆಲಸವಿರುವುದು ಇಲ್ಲಿ. ಅಂಥ ಹುಡುಗನಿಗೆ ಸತ್ಯ, ಪ್ರಾಮಾಣಿಕತೆಗಳ ಮೇಲೆ ಪ್ರಬಂಧ ಹೇಳಿ ಬರೆಯಿಸುವುದು ಸುಲಭ. ವಾರ್ಷಿಕೋತ್ಸವದಲ್ಲಿ ಅದನ್ನು ಓದಿಸಿ ಬಹುಮಾನ ಕೊಡುವುದು ಇನ್ನೂ ಸುಲಭ. ತನ್ನ ಬೀದಿ, ತನ್ನ ತಾಯಿ, ತಾನು ಮಾಡಿದ್ದು, ತನಗೆ ಆದದ್ದು ಇವನ್ನು ತನ್ನ ಕನ್ನಡದಲ್ಲೇ ಬರೆಯಲು ಬಿಟ್ಟು, ಬರೆದದ್ದನ್ನು ಅವನ ಬಳಿಯೇ ಉಳಿಸುವುದು ಕಷ್ಟ. ಆ ಬರಹದಲ್ಲಿ ಅಕ್ಷರದ ತಪ್ಪುಗಳಿರುತ್ತವೆ, ನಮಗೆ ಹಿತವಲ್ಲದ ಮಾತುಗಳಿರುತ್ತವೆ, ಗವರ್ನರಿಗೆ ತೋರಿಸುವಂಥದು ಏನೂ ಇಲ್ಲದೆಯೂ ಇರಬಹುದು. ಹಾಗಿದ್ದರೂ ಅದನ್ನು ಗೌರವದಿಂದ ಓದುವ ಒಬ್ಬ ಮೇಷ್ಟರು ಅಲ್ಲಿರಬೇಕು.