ಯು ಶೆಂಗ್: ಎಸೆತವಲ್ಲ, ಶ್ಲೇಷೆ

ಸಿಂಗಪುರದ ಚೀನೀ ಹೊಸವರ್ಷದ ಬಗ್ಗೆ ಬರೆಯುವವರು ಯು ಶೆಂಗ್ ತಟ್ಟೆಯ ಹತ್ತಿರ ಬಂದ ಕೂಡಲೆ ಎರಡು ಪಂಗಡವಾಗುತ್ತಾರೆ. ಒಂದು ಪಂಗಡಕ್ಕೆ ಎಸೆತದ ಎತ್ತರವೇ ಮುಖ್ಯ: ಚಾಪ್‌ಸ್ಟಿಕ್ಕು ಎಷ್ಟು ಮೇಲೆ ಹೋಯಿತು, ಎಷ್ಟು ಜನ ಒಟ್ಟಿಗೆ ಕಲಸಿದರು. ಇನ್ನೊಂದು ಪಂಗಡ ಮೂಗು ಮುರಿಯುತ್ತದೆ: ಇದೆಲ್ಲಿಯ ಸಂಪ್ರದಾಯ, ಹೋಟೆಲಿನವರು ಹುಟ್ಟಿಸಿದ ವ್ಯಾಪಾರ. ತಟ್ಟೆಯನ್ನು ಒಂದು ಕೃತಿಯೆಂದು ಓದಿದವರನ್ನು ನಾನು ಕಂಡಿಲ್ಲ. ನನ್ನ ಮಗಳು ಆ ಊರಿನ ಚೀನೀ ಮನೆಗೆ ಸೊಸೆಯಾಗಿ ಹೋದ ಮೇಲೆ ಬೀಗರ ಮೇಜಿನ ಸುತ್ತ ಹಲವು ಹೊಸವರ್ಷಗಳಲ್ಲಿ ನಿಂತಿದ್ದೇನೆ. ತೀರ್ಮಾನವನ್ನು ಮೊದಲೇ ಹೇಳುತ್ತೇನೆ: ಹಲವು ನುಡಿಗಳ ಆ ಊರು ಕಟ್ಟಿಕೊಂಡ ಅತ್ಯುತ್ತಮ ಸಾಮೂಹಿಕ ಕೃತಿ ಈ ತಟ್ಟೆ. ಅದರ ಸತ್ವ ಎಸೆತದಲ್ಲಿಲ್ಲ, ಶ್ಲೇಷೆಯಲ್ಲಿದೆ.

ಹಬ್ಬದ ಹಿಂದಿನ ರಾತ್ರಿಯ ಮನೆಯವರೆಲ್ಲರ ಊಟ, ಮಕ್ಕಳಿಗೆ ಕೊಡುವ ಕೆಂಪು ಲಕೋಟೆ, ಇವು ಎಲ್ಲರಿಗೂ ತಿಳಿದವು. ಯು ಶೆಂಗ್ ಮೊದಲಿಗೆ ಏಳನೆಯ ದಿನದ್ದು. ಅಂದು ಮನುಷ್ಯರೆಲ್ಲರ ಹುಟ್ಟುಹಬ್ಬ ಎಂದು ನಂಬಿಕೆ. ಈಗ ಹಬ್ಬದ ಹದಿನೈದು ದಿನಗಳಲ್ಲಿ ಯಾವಾಗ ಬೇಕಾದರೂ ಕಲಸುತ್ತಾರೆ. ತೆಳ್ಳಗೆ ಸೀಳಿದ ಹಸಿ ಮೀನು, ಎಳೆ ಎಳೆಯಾಗಿ ಹೆರೆದ ಬಿಳಿ ಮತ್ತು ಹಸಿರು ಮೂಲಂಗಿ, ಕ್ಯಾರೆಟ್ಟು, ಚಕ್ಕೋತದ ತೊಳೆ, ಕಾಳುಮೆಣಸಿನ ಪುಡಿ, ಎಣ್ಣೆ, ಪ್ಲಮ್ ಸಾಸು, ಕಡಲೆಕಾಯಿ ಪುಡಿ, ಎಳ್ಳು, ಕೊನೆಗೆ ಹೊಂಬಣ್ಣದ ಗರಿಗರಿ ಚೂರು. ಒಂದೊಂದನ್ನು ಹಾಕುವಾಗಲೂ ಒಂದೊಂದು ಹಾರೈಕೆ. ಎಲ್ಲ ಬಿದ್ದ ಮೇಲೆ ಮನೆಮಂದಿಯೆಲ್ಲ ಎದ್ದು ನಿಂತು ಒಟ್ಟಿಗೆ ಎತ್ತಿ ಕಲಸುತ್ತಾರೆ.

ಹಾರೈಕೆಗಳನ್ನು ಬಿಡಿಸಿ ನೋಡಬೇಕು. ಮ್ಯಾಂಡರಿನ್‌ನಲ್ಲಿ ಮೀನು 'ಯು', ಮಿಗತೆಯೂ 'ಯು'. ಹಸಿಯದು 'ಶೆಂಗ್', ಮೇಲೇರುವುದೂ 'ಶೆಂಗ್'. ತಿನಿಸಿನ ಹೆಸರನ್ನು ಹೇಳಿದರೆ ಸಾಕು, ಮಿಗತೆಯೂ ಏಳಿಗೆಯೂ ಬಾಯಿಂದ ಬಂದಾಗಿರುತ್ತದೆ. ಕ್ಯಾರೆಟ್ಟಿನ ಕೆಂಪು 'ಹೋಂಗ್', ಮಹಾಭಾಗ್ಯದಲ್ಲಿರುವ 'ಮಹಾ' ಕೂಡ 'ಹೋಂಗ್'. ಹಸಿರು ಮೂಲಂಗಿಯ 'ಛಿಂಗ್' ಯೌವನದ ಚೀನೀ ಹೆಸರಿನ ಮೊದಲ ಅಕ್ಷರ. ಎಣ್ಣೆಯನ್ನು ಸುತ್ತ ತಿರುಗಿಸಿ ಹೊಯ್ಯುವಾಗ ಶ್ಲೇಷೆ ಕೈಬಿಟ್ಟು ಅಭಿನಯ ಶುರುವಾಗುತ್ತದೆ: ಸಂಪತ್ತು ನಾಲ್ಕೂ ದಿಕ್ಕಿನಿಂದ ಹರಿದು ಬರಲಿ. ಕಡಲೆಕಾಯಿಗೂ ಗರಿಗರಿ ಚೂರಿಗೂ ಬರುವ ಹೊತ್ತಿಗೆ ಬರೀ ಬಣ್ಣದ ರೂಪಕ ಉಳಿದಿರುತ್ತದೆ: ಮನೆ ತುಂಬ ಚಿನ್ನ, ನೆಲದ ತುಂಬ ಚಿನ್ನ. ಕೃತಿಯ ಸಡಿಲ ಭಾಗ ಇದು. ಬಾಯಿ ಬಿಟ್ಟರೆ ದುಡ್ಡು ಎಂಬ ದೂರು ಹುಟ್ಟುವುದೂ ಇಲ್ಲೇ, ಅದನ್ನು ಒಪ್ಪುತ್ತೇನೆ.

ಆದರೆ ದೂರುವವರು ಈ ಮೇಜಿನ ಮೇಲೆ ಎಷ್ಟು ನುಡಿಗಳಿವೆಯೆಂದು ಎಣಿಸಿಲ್ಲ. ಹಾರೈಕೆಗಳು ಮ್ಯಾಂಡರಿನ್‌ನವು. ಕಲಸುವ ಕ್ರಿಯೆಯ ಹೆಸರು 'ಲೋ ಹೇ' ಕ್ಯಾಂಟನೀಸ್‌ನದು. ಅಲ್ಲಿ 'ಲೋ' ಎಂದರೆ ಬಾಚಿ ಎತ್ತುವುದೂ ಹೌದು, ದುಡಿದು ಬದುಕುವುದೂ ಹೌದು. ಕೊನೆಯ ಕೂಗು 'ಹ್ವಾಟ್ ಆ', ಏಳಿಗೆಯಾಗಲಿ ಎಂಬುದು, ಹೊಕ್ಕಿಯನ್‌ನದು. ಬಾಗಿಲಲ್ಲಿ ಅತಿಥಿಗಳು ಕೈಗಿಡುವ ಎರಡು ಕಿತ್ತಳೆಯ ಶ್ಲೇಷೆ ಮ್ಯಾಂಡರಿನ್‌ನಲ್ಲಿ ಕೂಡುವುದೇ ಇಲ್ಲ. ಕ್ಯಾಂಟನೀಸ್‌ನಲ್ಲಿ ಮಾತ್ರ ಆ ಹಣ್ಣೂ 'ಗಾಮ್', ಚಿನ್ನವೂ 'ಗಾಮ್'.

1979ರಲ್ಲಿ ಅಲ್ಲಿನ ಸರ್ಕಾರ ಮ್ಯಾಂಡರಿನ್ ಮಾತಾಡಿ ಎಂಬ ಅಭಿಯಾನ ಹೂಡಿತು. ಹೊಕ್ಕಿಯನ್, ಕ್ಯಾಂಟನೀಸ್, ಟಿಯೋಚೂ ಮುಂತಾದವು ಕ್ರಮೇಣ ರೇಡಿಯೊ, ಟಿವಿಯಿಂದ ಹಿಂದೆ ಸರಿದವು. ನನ್ನ ಅಳಿಯನ ಅಜ್ಜಿಯದು ಹೊಕ್ಕಿಯನ್, ತಾಯಿಯದು ಕ್ಯಾಂಟನೀಸ್. ನನ್ನ ಮೊಮ್ಮಗಳಿಗೆ ಇಂಗ್ಲಿಷೂ ಶಾಲೆಯ ಮ್ಯಾಂಡರಿನ್ನೂ ಬರುತ್ತವೆ, ನನ್ನೊಡನೆ ಕನ್ನಡ. ಮುತ್ತಜ್ಜಿಯ ಮಾತು ಅವಳಿಗೆ ತಿಳಿಯದು. ಬಿಳಿ ಮೂಲಂಗಿ ಹಾಕುವಾಗ ಮಗು ಹೆಜ್ಜೆ ಹೆಜ್ಜೆಗೂ ಏರಲಿ ಎಂದು ಮ್ಯಾಂಡರಿನ್‌ನಲ್ಲಿ ಹೇಳುತ್ತದೆ. ಮುದುಕಿ ಮೆಲ್ಲಗೆ 'ಚಾಯ್ ತಾವ್' ಎನ್ನುತ್ತಾರೆ. ಹೊಕ್ಕಿಯನ್‌ನಲ್ಲಿ ಅದು ಮೂಲಂಗಿಯ ಹೆಸರು, ಸ್ವರದ ಏರಿಳಿತ ಚೂರು ಬದಲಾದರೆ ಶುಭಶಕುನ. ಮಗು ಹೇಳಿದ್ದು ಒಂದು, ಮುತ್ತಜ್ಜಿ ಕೇಳಿಸಿಕೊಂಡದ್ದು ಇನ್ನೊಂದು. ಎರಡೂ ಒಂದೇ ಮೂಲಂಗಿಯ ಮೇಲೆ ಕೂತಿವೆ. ನಮ್ಮ ಅಲಂಕಾರಶಾಸ್ತ್ರ ಶ್ಲೇಷೆಯನ್ನು ಪಂಡಿತರ ಚಮತ್ಕಾರವೆಂದು ತುಸು ದೂರ ಇಟ್ಟಿದೆ. ಮಾತು ಕಡಿದುಹೋದ ಎರಡು ತಲೆಮಾರುಗಳು ಶ್ಲೇಷೆಯೊಂದರ ನೆರಳಲ್ಲಿ ಕೂಡಿ ನಿಲ್ಲುವುದನ್ನು ನಾನು ಆ ಮೇಜಿನಲ್ಲಿ ಕಂಡೆ.

ಸತ್ವ ಎಸೆತದಲ್ಲಿಲ್ಲ ಎಂಬುದಕ್ಕೆ ಪುರಾವೆ 2021ರಲ್ಲಿ ಸಿಕ್ಕಿತು. ಸೋಂಕಿನ ಆ ವರ್ಷ ಸಿಂಗಪುರದ ಹೋಟೆಲುಗಳಲ್ಲಿ ಯು ಶೆಂಗ್ ಕಲಸಬಹುದಿತ್ತು, ಆದರೆ ಮಾಸ್ಕು ತೆಗೆಯುವಂತಿಲ್ಲ, ಹಾರೈಕೆ ಕೂಗುವಂತಿಲ್ಲ. ಎಸೆತವೇ ಕೃತಿಯಾಗಿದ್ದರೆ ಅಂದು ಏನೂ ಕಳೆಯಬಾರದಿತ್ತು. ಊಟ ಮುಗಿಸಿ ಮಗಳು ಫೋನಿನಲ್ಲಿ ಹೇಳಿದಳು: "ಅಮ್ಮಾ, ಕೋಸಂಬರಿ ಕಲಸಿದ ಹಾಗಿತ್ತು, ಅಷ್ಟೇ."

ಈಗ ಮೂಗು ಮುರಿಯುವವರ ವಾದ. 1964ರಲ್ಲಿ ಲಾಯ್ ವಾ ಎಂಬ ಹೋಟೆಲಿನಲ್ಲಿ ಈಗಿನ ರೂಪದ ಯು ಶೆಂಗ್ ಬಡಿಸಲಾಯಿತು. ಅದರ ಹಿಂದೆ ಸಿನ್ ಲಿಯಾಂಗ್, ಹೂಯಿ ಕೋಕ್ ವಾಯ್ ಸೇರಿದಂತೆ ನಾಲ್ವರು ಬಾಣಸಿಗ ಗೆಳೆಯರಿದ್ದರು. ಆದ್ದರಿಂದ ಇದು ಸಂಪ್ರದಾಯವಲ್ಲ ಎನ್ನುತ್ತಾರೆ. ಆದರೆ ಹಸಿ ಮೀನು ತಿನ್ನುವ ರೂಢಿ ದಕ್ಷಿಣ ಚೀನಾದಿಂದ ಬಂದವರಲ್ಲಿ ಮೊದಲೇ ಇತ್ತು. ಹುಳಿ, ಸಿಹಿಯನ್ನು ಉಣ್ಣುವವರೇ ಮನಬಂದಂತೆ ಬೆರೆಸಿಕೊಳ್ಳುತ್ತಿದ್ದರು. ಆ ನಾಲ್ವರು ಸಾಸನ್ನು ಮೊದಲೇ ಹದ ಮಾಡಿಟ್ಟರು, ಬಣ್ಣಗಳನ್ನು ಓರಣವಾಗಿ ಜೋಡಿಸಿದರು. ಛಂದಸ್ಸು ಕಟ್ಟಿಕೊಟ್ಟವರ ಕೆಲಸ ಅದು. ಎಲ್ಲ ಆಚರಣೆಗೂ ಒಂದು ಮೊದಲ ದಿನವಿರುತ್ತದೆ. ಇದರ ಮೊದಲ ದಿನ ಗೊತ್ತಿದೆ ಎಂಬುದು ಅದರ ದೋಷವಾಗಲಾರದು.

ಇನ್ನು ಮಲೇಶಿಯಾ, ಸಿಂಗಪುರಗಳ ಹಕ್ಕಿನ ಜಗಳ. ಸೆರೆಂಬಾನ್ ಊರಿನ ಹೋಟೆಲೊಂದು ಇದನ್ನು ಮೊದಲೇ ಮಾಡುತ್ತಿತ್ತು ಎಂದು ಮಲೇಶಿಯಾದವರು ವಾದಿಸುತ್ತಾರೆ. ಎರಡೂ ಕಡೆಯ ವಾದಿಗಳು ಒಂದು ತಾರೀಖನ್ನು ಮರೆಯುತ್ತಾರೆ: ಸಿಂಗಪುರ ಬೇರೆ ದೇಶವಾದದ್ದು 1965ರ ಆಗಸ್ಟ್ 9ರಂದು. 1964ರಲ್ಲಿ ಲಾಯ್ ವಾ ಇದ್ದದ್ದೂ ಮಲೇಶಿಯಾದಲ್ಲೇ. ತಟ್ಟೆಗಿಂತ ಗಡಿಯೇ ವಯಸ್ಸಿನಲ್ಲಿ ಚಿಕ್ಕದು. ಗಡಿಯ ಕಣ್ಣಿನಿಂದ ತಟ್ಟೆಯನ್ನು ಅಳೆಯುವ ಬರಹಗಳು ಎಷ್ಟು ಬಂದರೂ ಹೊರಗಿನವರು, ಬೀಗರು, ನೆರೆಯ ಮಲಯ್ ಮುಸ್ಲಿಮರು ಈ ಮೇಜಿಗೆ ಹೇಗೆ ಬಂದರು ಎಂಬ ಪ್ರಶ್ನೆಯನ್ನು ಅವು ಮುಟ್ಟುವುದಿಲ್ಲ. ನನಗೆ ಮುಖ್ಯವಾದ ಪ್ರಶ್ನೆ ಅದು.

ಏಕೆಂದರೆ ನಾನು ಮೀನು ತಿನ್ನುವವಳಲ್ಲ. ಮೀನಿಲ್ಲದ ತಟ್ಟೆಯ ಮೇಲೆ ಮಿಗತೆಯ ಹಾರೈಕೆ ಹೇಳಿದರೆ ಪದ ಉಳಿಯುತ್ತದೆ, ವಸ್ತು ಇರುವುದಿಲ್ಲ. ಅಂಥ ಶ್ಲೇಷೆ ಟೊಳ್ಳು. ಅತಿಥಿಯ ಮೇಲಿನ ಮರ್ಯಾದೆಗೆ ಕೃತಿಯನ್ನು ಕೆಡಿಸಿದಂತೆ. ಮೊದಲ ವರ್ಷ ಹೀಗೆಯೇ ಆಯಿತು. ಬೀಗಿತ್ತಿ ಬರಿಯ ಮೂಲಂಗಿಯ ಮೇಲೆ ಆ ಮಾತನ್ನು ಹೇಳಿ, ನನ್ನ ಮುಖ ನೋಡಿ, ಸುಮ್ಮನಾದರು. ಇಬ್ಬರಿಗೂ ಸರಿಬರಲಿಲ್ಲ.

ಮುಂದಿನ ವರ್ಷ ನನ್ನ ಪಾಲಿಗೆ ಬೇರೆ ತಟ್ಟೆ ಇತ್ತು. ನಡುವೆ ಮೀನಿನ ಜಾಗದಲ್ಲಿ ಎಳೆಯಾಗಿ ಸೀಳಿ ಕರಿದ ಕೆಸುವಿನ ಗೆಡ್ಡೆ. ಅದನ್ನು ಸುರಿಯುತ್ತ ಬೀಗಿತ್ತಿ ವರ್ಷ ವರ್ಷವೂ ಮಿಗಲಿ ಎಂಬ ಅದೇ ಹಾರೈಕೆಯನ್ನು ಗಟ್ಟಿಯಾಗಿ ಹೇಳಿದರು. ಮ್ಯಾಂಡರಿನ್‌ನಲ್ಲಿ ಕೆಸುವಿನ ಗೆಡ್ಡೆಗೂ 'ಯು' ಎಂದೇ ಹೆಸರು, ಏರಿಳಿತ ಮಾತ್ರ ಬೇರೆ. ಮಾತು ಬದಲಾಗಲಿಲ್ಲ, ವಸ್ತು ಬದಲಾಯಿತು, ಶ್ಲೇಷೆ ಉಳಿಯಿತು.

ಆ ಮೀನೂ ಮೊದಲಿನ ಮೀನಲ್ಲ. ಹಿಂದೆ ಪರಾಂಗ್ ಎಂಬ ಸಮುದ್ರದ ಮೀನಿತ್ತು, ಈಗ ಸಾಮನ್ ಬಂದಿದೆ. ಕೃತಿ ಕಟ್ಟಿಟ್ಟದ್ದು ಮೀನಿನ ಜಾತಿಯನ್ನಲ್ಲ, ಆ ಒಂದು ಉಚ್ಚಾರವನ್ನು. ಅದರೊಳಗೆ ಇನ್ನೊಬ್ಬರಿಗೆ ಜಾಗ ಹುಡುಕುವ ವಿದ್ಯೆ ಅಡುಗೆಮನೆಯ ಹೆಂಗಸೊಬ್ಬರಿಗೆ ಗೊತ್ತಿತ್ತು. ಎತ್ತರ ಅಳೆಯುವವರೂ ಮೂಲ ಹುಡುಕುವವರೂ ಒಂದು ವರ್ಷ ಚಾಪ್‌ಸ್ಟಿಕ್ಕು ಕೆಳಗಿಟ್ಟು, ಕಲಸುವ ಮೊದಲಿನ ಆ ಎರಡು ನಿಮಿಷ ಕಿವಿಗೊಡಲಿ. ಬೀಗಿತ್ತಿ ಕೆಸುವಿನ ಗೆಡ್ಡೆಯನ್ನು ಈಗಲೂ ತಪ್ಪಿಸುವುದಿಲ್ಲ. ಮೊಮ್ಮಗಳು ಎರಡೂ ತಟ್ಟೆಗಳ ಮುಂದೆ ನಿಂತು, ಎರಡಕ್ಕೂ ಅದೇ 'ಯು' ಹೇಳುತ್ತಾಳೆ.